ಶಾಲೆ, ಊಟ, ಮಗ್ಗ, ಜಾಗ: ಕುದ್ಮುಲ್ ರಂಗರಾಯರು ಹಾಕಿಕೊಟ್ಟ ದಾರಿ

ನರಿಮೊಗರು: ಜೂನ್ ತಿಂಗಳು ಬಂತೆಂದರೆ ನರಿಮೊಗರು, ಸವಣೂರು, ಕಾಣಿಯೂರು ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ರಶ್ಶೋ ರಶ್ಶು. ಜಾತಿ ಸರ್ಟಿಫಿಕೇಟ್, ಆದಾಯ ಸರ್ಟಿಫಿಕೇಟ್, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಮಗುವನ್ನು ಹಾಸ್ಟೆಲಿಗೆ ಸೇರಿಸಬೇಕು, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕು, ಮನೆಯಲ್ಲಿ ಹಿರಿಯರದ್ದು ಪಿಂಚಣಿ ನಿಂತಿದೆ, ಅದನ್ನೂ ಕೇಳಬೇಕು. ಇದೇ ಜೂನ್ ತಿಂಗಳ 29 ಕುದ್ಮುಲ್ ರಂಗರಾಯರ ಹುಟ್ಟಿದ ದಿನ. ಹಾಸ್ಟೆಲು, ಬಿಸಿಯೂಟ, ಪ್ರೋತ್ಸಾಹಧನ, ಕಸುಬಿನ ತರಬೇತಿ, ಮನೆ ನಿವೇಶನ ಅಂತ ಇವತ್ತು ಸರ್ಕಾರ ಕೊಡುವ ಹಲವು ಸೌಲಭ್ಯಗಳನ್ನು ಸುಮಾರು 130 ವರ್ಷದ ಹಿಂದೆ ಈ ಜಿಲ್ಲೆಯಲ್ಲಿ ಒಬ್ಬ ವಕೀಲರು ತನ್ನ ಕೈಯಿಂದ ಖರ್ಚು ಮಾಡಿ, ಬೇಡಿ ತಂದು ನಡೆಸಿ ತೋರಿಸಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ ಅಂತ ಮಾತ್ರ ಗೊತ್ತು.

ಕುದ್ಮುಲಿನಿಂದ ಮಂಗಳೂರಿಗೆ

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ತಾಲೂಕಿನ ಕುದ್ಮುಲಿನಲ್ಲಿ. ಆಗ ಕಾಸರಗೋಡು ಈ ಜಿಲ್ಲೆಗೇ ಸೇರಿತ್ತು. ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಪುತ್ತೂರು ಇದ್ದದ್ದು ಉಪ್ಪಿನಂಗಡಿ ತಾಲೂಕಿನಲ್ಲಿ. ಸುಳ್ಯ, ಕಡಬ ತಾಲೂಕುಗಳೇ ಇರಲಿಲ್ಲ. ಏನೇ ದೊಡ್ಡ ಕೆಲಸ ಇದ್ದರೂ ಕಲೆಕ್ಟರ ಕಚೇರಿ ಮಂಗಳೂರಿನಲ್ಲಿ, ಅದರ ಮೇಲಿನದ್ದು ಮದ್ರಾಸಿನಲ್ಲಿ.

ಸಾರಸ್ವತ ಬ್ರಾಹ್ಮಣ ಮನೆತನ. ಆದರೆ ಮನೆಯಲ್ಲಿ ಹಣ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ದುಡಿಯದೆ ಬೇರೆ ದಾರಿ ಇಲ್ಲದ ಹುಡುಗ ಮಂಗಳೂರಿಗೆ ಬಂದು ಮೊದಲು ಶಾಲೆಯಲ್ಲಿ ಮಾಸ್ತ್ರಾದರು. ಓದು ಬಿಡಲಿಲ್ಲ. ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಮಂಗಳೂರು ಕೋರ್ಟಿನಲ್ಲಿ ವಕೀಲಿ ಶುರು ಮಾಡಿದರು. ಹಣ ಕೊಡಲಿಕ್ಕಾಗದವರ ಕೇಸು ಹಿಡಿಯುವ ವಕೀಲರು ಎಂಬ ಹೆಸರು ಬಂತು. ಮಂಗಳೂರಿನಲ್ಲಿ 1870ರಲ್ಲೇ ಬ್ರಹ್ಮ ಸಮಾಜ ಶುರುವಾಗಿತ್ತು. ಜಾತಿ ಭೇದ ಬೇಡ, ವಿಧವೆಯರಿಗೆ ಮರುಮದುವೆ ಆಗಲಿ, ಹೆಣ್ಣುಮಕ್ಕಳು ಓದಲಿ ಎನ್ನುವ ಆ ಗುಂಪಿಗೆ ರಂಗರಾಯರೂ ಸೇರಿದರು. ಅಲ್ಲಿ ಭಾಷಣ ಕೇಳಿ ಮನೆಗೆ ಹೋಗುವವರು ತುಂಬಾ ಮಂದಿ ಇದ್ದರು. ಕೇಳಿದ್ದನ್ನು ಮಾಡಲಿಕ್ಕೆ ಹೊರಟವರು ಕಡಿಮೆ. ರಂಗರಾಯರು ಆ ಕಡಿಮೆಯವರ ಸಾಲಿನವರು.

ಕೈಗೆ ಬಂದ ಕೆಲಸ ಬಾಯಿಗೆ ಬರಲಿಲ್ಲ

ಬೆಂದೂರು ಬಾಬು ಎಂಬ ದಲಿತ ಯುವಕನ ಕಥೆಯೊಂದು ಮಂಗಳೂರಿನಲ್ಲಿ ಇವತ್ತಿಗೂ ಹೇಳ್ತಾರೆ. ಹೇಗೋ ನಾಲ್ಕನೇ ಕ್ಲಾಸಿನವರೆಗೆ ಓದಿದ ಹುಡುಗ. ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಆದರೆ ಅವನು ಒಳಗೆ ಬಂದರೆ, ಕಾಗದ ಮುಟ್ಟಿದರೆ ತಾವು ಇರುವುದಿಲ್ಲ ಎಂದು ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರು. ಕೆಲಸ ಉಳಿಯಲಿಲ್ಲ. ಅದೇ ಕೋರ್ಟಿನ ವಕೀಲರಾಗಿದ್ದ ರಂಗರಾಯರ ಮನಸ್ಸಿಗೆ ಇದು ನಾಟಿತು, ಅಲ್ಲಿಂದಲೇ ಅವರ ದಾರಿ ತಿರುಗಿತು ಎನ್ನುತ್ತಾರೆ.

ಈ ಕಥೆಯಲ್ಲಿ ಒಂದು ಪಾಠ ಇದೆ. ಓದಿದರೆ ಕೆಲಸ ಸಿಗ್ತದೆ ಎಂದು ಹೇಳುವುದು ಸುಲಭ. ಓದಿದ ಮೇಲೂ ಬಾಗಿಲು ಹಾಕಿದರೆ ಏನು ಮಾಡುವುದು? ಒಬ್ಬ ಬಾಬು ಸಾಲದು, ನೂರಾರು ಮಂದಿ ಬೇಕು. ಅವರ ಹೊಟ್ಟೆಗೆ ಬೇಕು. ಅವರಿಗೆ ಧಣಿಯ ಹಂಗಿಲ್ಲದ ಜಾಗ ಬೇಕು. ತೀರ್ಮಾನ ಆಗುವ ಕುರ್ಚಿಯಲ್ಲೂ ಅವರವರು ಇರಬೇಕು. ರಂಗರಾಯರು ಮುಂದಿನ ಮೂವತ್ತೈದು ವರ್ಷ ಮಾಡಿದ್ದು ಇಷ್ಟನ್ನೇ, ಒಂದರ ನಂತರ ಒಂದು.

ಆಗಿನ ಹಳ್ಳಿಯ ಸ್ಥಿತಿ ಗೊತ್ತಿಲ್ಲದೆ ಇದು ಅರ್ಥ ಆಗುವುದಿಲ್ಲ. ಕಾನೂನಿನಲ್ಲಿ ಗುಲಾಮಗಿರಿ 1843ರಲ್ಲೇ ಹೋಗಿತ್ತು. ಗದ್ದೆಯಲ್ಲಿ ಹೋಗಿರಲಿಲ್ಲ. ಮೂಲದ ಆಳು ಎಂದರೆ ಒಂದು ಮನೆತನದ ಭೂಮಿಗೆ ಅಂಟಿಕೊಂಡ ಜನ. ಮದುವೆಗೆ ಧಣಿಯಿಂದ ತೆಗೊಂಡ ಸಾಲ ಮಕ್ಕಳ ತಲೆಗೂ ಬರುತ್ತಿತ್ತು. ಕೂಲಿ ಅಕ್ಕಿಯಲ್ಲೋ ಭತ್ತದಲ್ಲೋ. ಸ್ವಂತ ಗೇಣು ಜಾಗ ಇಲ್ಲ, ಗುಡಿಸಲು ಧಣಿಯ ಗುಡ್ಡದ ಬದಿಯಲ್ಲಿ. ಬಾವಿಯ ಹತ್ತಿರ ಹೋಗುವ ಹಾಗಿಲ್ಲ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1933ರಲ್ಲಿ ಚೋಮನ ದುಡಿ ಬರೆದಾಗ, ಸ್ವಂತ ಬೇಸಾಯ ಮಾಡಬೇಕು ಎಂಬ ಒಂದೇ ಆಸೆಯ ಚೋಮನನ್ನು ಅವರು ಗಾಳಿಯಲ್ಲಿ ಕಟ್ಟಿರಲಿಲ್ಲ. ಅದಕ್ಕೆ ನಾಲ್ಕು ದಶಕ ಮೊದಲೇ ರಂಗರಾಯರು ಆ ಆಸೆಯ ಕಾಗದಪತ್ರ ಹಿಡಿದು ಕಚೇರಿ ಮೆಟ್ಟಿಲು ಹತ್ತಲು ಹೊರಟಿದ್ದರು.

ದಿನಕ್ಕೆ ಎರಡು ಪೈಸೆ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಅವರ ಮೊದಲ ಶಾಲೆ ತೆರೆಯಿತು. ತೆರೆದದ್ದೇ ತಡ, ವಿರೋಧ ಶುರು. ಶಾಲೆಗೆ ಕೊಟ್ಟ ಜಾಗ ಬಿಡಿಸುವುದು, ಮಾಸ್ತ್ರಿಗೆ ಬೆದರಿಕೆ, ಮಕ್ಕಳು ಬರುವ ದಾರಿಗೆ ಅಡ್ಡಿ. ಕಲಿಸಲಿಕ್ಕೆ ಜನ ಸಿಗುವುದೇ ಕಷ್ಟ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದರು. ಕಂಕನಾಡಿ, ಬೋಳೂರು, ಮೂಲ್ಕಿ, ಅತ್ತಾವರ, ದಡ್ಡಲಕಾಡು ಹೀಗೆ ಶಾಲೆಗಳು ಹುಟ್ಟಿಕೊಂಡವು. 1897ರಲ್ಲಿ ಇದಕ್ಕೆಲ್ಲ ಒಂದು ಸಂಸ್ಥೆಯ ರೂಪ ಕೊಟ್ಟು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂದು ಹೆಸರಿಟ್ಟರು. ಬೊಂಬಾಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಮಂಗಳೂರು ಅದಕ್ಕಿಂತ ಒಂಬತ್ತು ವರ್ಷ ಮುಂದೆ ಇತ್ತು.

ಶಾಲೆ ತೆರೆದ ಕೂಡಲೇ ಮಕ್ಕಳು ಬರಲಿಲ್ಲ. ಬರಲಿಕ್ಕೆ ಮನಸ್ಸಿಲ್ಲದೆ ಅಲ್ಲ. ಏಳೆಂಟು ವರ್ಷದ ಹುಡುಗ ದನ ಮೇಯಿಸಿದರೆ ಸಂಜೆಗೆ ಒಂದು ಹಿಡಿ ಅಕ್ಕಿ ಮನೆಗೆ ಬರ್ತದೆ. ಅವನನ್ನು ಶಾಲೆಗೆ ಕಳಿಸಿದರೆ ಆ ಅಕ್ಕಿ ಇಲ್ಲ. ತಂದೆ ತಾಯಿ ಏನು ಮಾಡಬೇಕು? ರಂಗರಾಯರು ಈ ಲೆಕ್ಕವನ್ನು ಅರ್ಥ ಮಾಡಿಕೊಂಡರು. ಮಗುವನ್ನು ಕಳಿಸುವ ಹೆತ್ತವರಿಗೆ ದಿನಕ್ಕೆ ಎರಡು ಪೈಸೆ ಕೊಡುವ ಕ್ರಮ ಮಾಡಿದರು. ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕಿದರು. ಇವತ್ತಿನ ಅಕ್ಷರ ದಾಸೋಹ, ಇವತ್ತಿನ ಪ್ರೋತ್ಸಾಹಧನ ಎರಡೂ ಇದರಲ್ಲಿ ಬಂತು. ಹಸಿದವನಿಗೆ ಅಕ್ಷರದ ಮಹತ್ವ ವಿವರಿಸುವ ಬದಲು, ಶಾಲೆಗೆ ಬಂದದ್ದರಿಂದ ಅವನ ಮನೆಗಾಗುವ ನಷ್ಟವನ್ನು ತುಂಬಿ ಕೊಡುವುದು ಅವರ ಕ್ರಮ.

ಇದಕ್ಕೆ ಬೆಲೆ ಕಟ್ಟಿದ್ದು ಅವರ ಮನೆಯವರು. ಸ್ವಂತ ಸಮಾಜ ಬಹಿಷ್ಕಾರ ಹಾಕಿತು. ಮನೆಗೆ ಬರುವವರು ನಿಂತರು. ಕ್ಷೌರಿಕರು, ಮಡಿವಾಳರು ಬಾರದ ಹಾಗೆ ಆಯಿತು. ಹೆಂಡತಿ ರುಕ್ಮಿಣಿಬಾಯಿ ಇದನ್ನೆಲ್ಲ ಸಹಿಸಿಕೊಂಡು, ಗಂಡ ಕರೆದುಕೊಂಡು ಬಂದ ಮಕ್ಕಳಿಗೆ ಮನೆಯೊಳಗೆ ಊಟ ಬಡಿಸಿದರು. ಆ ಕಾಲದಲ್ಲಿ ಇದು ಸಣ್ಣ ಸಂಗತಿ ಅಲ್ಲ.

ಓದಿನ ಜೊತೆಗೆ ಕಸುಬು

ಓದು ಮುಗಿಸಿದವನು ವಾಪಸು ಧಣಿಯ ಗದ್ದೆಗೇ ಹೋದರೆ ಏನು ಪ್ರಯೋಜನ? ಎಲ್ಲರಿಗೂ ಸರ್ಕಾರಿ ಕೆಲಸ ಸಿಗುವುದಿಲ್ಲ, ಸಿಕ್ಕಿದರೂ ಬಾಬುವಿನ ಹಾಗೆ ಆಗಬಹುದು. ಮಂಗಳೂರಿನಲ್ಲಿ ಕಣ್ಣೆದುರೇ ಒಂದು ಉದಾಹರಣೆ ಇತ್ತು. ಬಾಸೆಲ್ ಮಿಷನ್‌ನವರು ಮತಾಂತರ ಆದವರಿಗೆ ಊರಿನಲ್ಲಿ ಕೆಲಸ ಹೋಗುತ್ತದೆ ಎಂದು ತಾವೇ ನೇಯ್ಗೆ ಶಾಲೆ, ಪ್ರೆಸ್ಸು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎಲ್ಲ ಶುರು ಮಾಡಿದ್ದರು. ರಂಗರಾಯರು ಮತ ಬದಲಿಸುವ ಕೆಲಸಕ್ಕೆ ಹೋದವರಲ್ಲ. ಆದರೆ ಕೆಲಸದ ಮಟ್ಟಿಗೆ ಪಾಠ ಒಂದೇ. ಮನುಷ್ಯನನ್ನು ಹಳೆಯ ಹಂಗಿನಿಂದ ಬಿಡಿಸಬೇಕಾದರೆ ಅವನ ಕೈಗೆ ಹೊಸ ಕಸುಬು ಕೊಡಬೇಕು.

ಮಂಗಳೂರಿನ ಕೋರ್ಟ್ ಗುಡ್ಡೆಯ ಬದಿಯ ಶೇಡಿಗುಡ್ಡೆಯಲ್ಲಿ ಮಿಷನ್ನಿನ ಕೇಂದ್ರ ಬಂತು. ಅಲ್ಲಿ ಶಾಲೆ, ಮಕ್ಕಳು ಉಳಿಯಲಿಕ್ಕೆ ಹಾಸ್ಟೆಲು, ಜೊತೆಗೆ ಕೈಗಾರಿಕಾ ತರಬೇತಿ. ಮಗ್ಗ ಹಾಕಿಸಿದರು, ಮರಗೆಲಸ ಕಲಿಸಿದರು. ಬೆಳಿಗ್ಗೆ ಅಕ್ಷರ ಬರೆದ ಕೈ ಅದೇ ಜಾಗದಲ್ಲಿ ಕಸುಬನ್ನೂ ಕಲಿಯುತ್ತಿತ್ತು. ಊರು ಬಿಟ್ಟು ದೂರದ ಪಟ್ಟಣಕ್ಕೆ ಹೋಗಿ ಕೂಲಿ ಮಾಡುವ ಬದಲು ಇಲ್ಲೇ ಒಂದು ಕೆಲಸ ಹಿಡಿದು ನಿಲ್ಲಲಿ ಎಂಬುದು ಲೆಕ್ಕಾಚಾರ. ಕಲಿತವರಲ್ಲಿ ಕೆಲವರು ಮಿಷನ್ನಿನ ಶಾಲೆಗಳಲ್ಲೇ ಮಾಸ್ತ್ರುಗಳಾದರು. ಬೇರೆಯವರು ಕಲಿಸಲಿಕ್ಕೆ ಬಾರದಿದ್ದ ಶಾಲೆಗೆ ಅದೇ ಶಾಲೆಯಲ್ಲಿ ಕಲಿತವರು ಮಾಸ್ತ್ರಾಗಿ ಬಂದರು.

ಇದೇ ಕಾಲದಲ್ಲಿ ಪುತ್ತೂರಿನಲ್ಲಿ ಇನ್ನೊಬ್ಬ ವಕೀಲರು ಇನ್ನೊಂದು ದಾರಿಯಲ್ಲಿ ಹೊರಟಿದ್ದರು. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿ, ಬಡ್ಡಿಯವರ ಕೈಯಿಂದ ರೈತರನ್ನು ಬಿಡಿಸಲು ನೋಡಿದರು. ರಂಗರಾಯರದ್ದು ಸಾಲ ಕೇಳಲಿಕ್ಕೂ ಅಡವಿಡಲು ಏನೂ ಇಲ್ಲದವರ ಕಡೆ. ಇಬ್ಬರೂ ಕೋರ್ಟಿನಲ್ಲಿ ಜನರ ಕಷ್ಟ ಕಾಗದದ ರೂಪದಲ್ಲಿ ಬರುವುದನ್ನು ದಿನಾ ನೋಡಿದವರು. ಕೇಸು ಗೆದ್ದರೆ ಒಂದು ಮನೆ ಉಳೀತದೆ, ಸಂಸ್ಥೆ ಕಟ್ಟಿದರೆ ಊರು ಉಳೀತದೆ ಎಂದು ಇಬ್ಬರಿಗೂ ಗೊತ್ತಾಗಿತ್ತು.

ಕಚೇರಿಯಿಂದ ಜಾಗ ತಂದದ್ದು

ರಂಗರಾಯರ ಕೆಲಸಗಳಲ್ಲಿ ಇವತ್ತಿಗೂ ಬಿಸಿ ಆರದೆ ಇರುವುದು ಭೂಮಿಯ ವಿಷಯ. ಜಾಗ ಇಲ್ಲದವನಿಗೆ ಶಾಲೆ, ಕಸುಬು ಎಲ್ಲ ಕೊಟ್ಟರೂ, ಧಣಿ ಸಿಟ್ಟಾದ ದಿನ ಗುಡಿಸಲು ಖಾಲಿ ಮಾಡಬೇಕು. ಹಾಗಾಗಿ ಅವರು ಸರ್ಕಾರಿ ಜಮೀನು ಕೇಳಲು ಶುರು ಮಾಡಿದರು. ಅರ್ಜಿ ಬರೆಯುವುದು, ಕಲೆಕ್ಟರರನ್ನು ನೋಡುವುದು, ಮತ್ತೆ ಅರ್ಜಿ ಬರೆಯುವುದು. ಸರ್ಕಾರದಿಂದ ಜಾಗ ಸಿಕ್ಕಿದ ಹಾಗೆ ಮಂಗಳೂರಿನ ದಡ್ಡಲಕಾಡು, ಬೋಳೂರು, ಕಾಪಿಕಾಡು, ಬಾಬುಗುಡ್ಡೆಯಂಥ ಕಡೆ ದಲಿತ ಕುಟುಂಬಗಳು ನೆಲೆ ಕಂಡವು. ಕೊರಗರಿಗೂ ನೆಲೆ ಆಗಬೇಕೆಂದು ಓಡಾಡಿದರು.

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಡಿ.ಸಿ. ಮನ್ನಾ ಜಾಗ ಎಂಬ ಮಾತು ಕೇಳದವರಿಲ್ಲ. ತುಂಬಾ ಮಂದಿ ಅದನ್ನು ಜಿಲ್ಲಾಧಿಕಾರಿಯ ಜಾಗ ಎಂದು ತಿಳಿದುಕೊಂಡಿದ್ದಾರೆ. ಡಿ.ಸಿ. ಎಂದರೆ ಇಲ್ಲಿ ಡೆಪ್ಯುಟಿ ಕಮಿಷನರ್ ಅಲ್ಲ, ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ದಲಿತರಿಗಾಗಿಯೇ ತೆಗೆದಿರಿಸಿದ ಜಮೀನು ಅದು. ಇದರ ಹಿಂದೆ ರಂಗರಾಯರ ಪ್ರಯತ್ನ ಇತ್ತೆಂದು ಜಿಲ್ಲೆಯ ದಲಿತ ಸಂಘಟನೆಗಳು ನೆನಪಿಸುತ್ತಾ ಬಂದಿವೆ. ಆ ಜಾಗ ಎಲ್ಲೆಲ್ಲಿ ಎಷ್ಟಿದೆ ಎಂದು ಅಳೆಯಬೇಕು, ಒತ್ತುವರಿ ತೆರವು ಮಾಡಬೇಕು, ಜಾಗ ಇಲ್ಲದವರಿಗೆ ಹಂಚಬೇಕು ಎಂಬ ಬೇಡಿಕೆ ತಾಲೂಕಿನ ಕುಂದುಕೊರತೆ ಸಭೆಗಳಲ್ಲಿ ಮತ್ತೆ ಮತ್ತೆ ಬರ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಬೇರೆಯವರ ಕೈಗೆ ಹೋಗದಂತೆ ತಡೆಯಲು ಕರ್ನಾಟಕದಲ್ಲಿ 1978ರ ಕಾನೂನು ಇದೆ. ಆದರೂ ಆರ್‌ಟಿಸಿಯಲ್ಲಿ ಒಂದು, ಸ್ಥಳದಲ್ಲಿ ಇನ್ನೊಂದು ಇರುವ ಪ್ರಕರಣಗಳು ಕಮ್ಮಿ ಇಲ್ಲ. ಒಬ್ಬ ವಕೀಲರು ನೂರು ವರ್ಷದ ಹಿಂದೆ ಅರ್ಜಿ ಬರೆದು ಕೇಳಿದ ಜಾಗಕ್ಕೆ ಇವತ್ತೂ ಅರ್ಜಿ ಬರೆಯಬೇಕಾಗಿದೆ ಎಂದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ.

ಕುರ್ಚಿಯಲ್ಲಿ ತಮ್ಮವರು

ಬೇರೆಯವರ ಪರವಾಗಿ ಎಷ್ಟು ದಿನ ಕೇಳುವುದು? ಕೇಳಬೇಕಾದವರೇ ಸಭೆಯಲ್ಲಿ ಕೂರಬೇಕು ಎಂಬುದು ರಂಗರಾಯರ ನಿಲುವು. ಅವರ ಪ್ರಯತ್ನದಿಂದ ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಇಬ್ಬರು ದಲಿತ ಪ್ರತಿನಿಧಿಗಳು ಮಂಗಳೂರು ಪುರಸಭೆ ಮತ್ತು ಜಿಲ್ಲಾ ಬೋರ್ಡಿಗೆ ನಾಮಕರಣಗೊಂಡರು. ಇಂದು ನರಿಮೊಗರು ಗ್ರಾಮ ಪಂಚಾಯತ್ ಸೇರಿ ಎಲ್ಲ ಪಂಚಾಯತ್‌ಗಳಲ್ಲೂ ಮೀಸಲು ಸ್ಥಾನ ಇದೆ, ಅದು ಸಹಜ ಎನ್ನುವಂತಾಗಿದೆ. ಆಗ ಅದು ಹಾಗಿರಲಿಲ್ಲ. ಬೋರ್ಡಿನ ಸಭೆಯಲ್ಲಿ ಒಂದೇ ಸಾಲಿನ ಕುರ್ಚಿಯಲ್ಲಿ ಕೂರುವುದೇ ಒಂದು ಹೋರಾಟ.

ಮನೆಯೊಳಗೂ ಅವರು ಹೇಳಿದ್ದನ್ನೇ ಮಾಡಿದರು. ಮಗಳು ರಾಧಾಬಾಯಿಯ ಮದುವೆ 1912ರಲ್ಲಿ ಜಾತಿಯ ಹೊರಗೆ, ತಮಿಳುನಾಡಿನ ಕುಮಾರಮಂಗಲಂನ ಜಮೀನ್ದಾರ ಮನೆತನದ ಪಿ. ಸುಬ್ಬರಾಯನ್ ಜೊತೆ ಆಯಿತು. ಅಳಿಯ 1926ರಲ್ಲಿ ಮದ್ರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಗೆ ಹೋದರು, 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿದರು. ಮೊಮ್ಮಗ ಜನರಲ್ ಪಿ.ಪಿ. ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರು, ಇನ್ನೊಬ್ಬ ಮೊಮ್ಮಗ ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿ. ಊರು ದೂರ ಇಟ್ಟ ಮನೆಯ ಮಕ್ಕಳು ದೇಶಕ್ಕೆ ಬೇಕಾದವರಾದರು.

ಕೊನೆಯ ದಿನಗಳು

ಸರ್ಕಾರ ರಾವ್ ಸಾಹೇಬ್ ಬಿರುದು ಕೊಟ್ಟಿತು. ವಯಸ್ಸಾಯಿತು, ಕೈಯಲ್ಲಿದ್ದದ್ದು ಖರ್ಚಾಯಿತು. ತನ್ನ ನಂತರ ಕೆಲಸ ನಿಲ್ಲಬಾರದು ಎಂದು 1920ರ ದಶಕದಲ್ಲಿ ಮಿಷನ್ನನ್ನು ಗೋಖಲೆಯವರು ಕಟ್ಟಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ಕಟ್ಟಿದವರು ಹೋದ ಮೇಲೆ ಎಷ್ಟೋ ಸಂಘಗಳು ಬೋರ್ಡು ಮಾತ್ರ ಉಳಿಸಿಕೊಳ್ಳುತ್ತವೆ. ಅವರು ಇದನ್ನು ಮೊದಲೇ ಯೋಚಿಸಿದ್ದರು. 1927ರಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ಊರು ಗುಡಿಸುವ ಪೌರಕಾರ್ಮಿಕ ಬಂಧುಗಳೇ ಹೊರಬೇಕು ಎಂಬುದು ಅವರ ಬಯಕೆಯಾಗಿತ್ತು.

ಇನ್ನೊಂದು ಬಯಕೆಯನ್ನು ಜಿಲ್ಲೆಯ ಜನ ಹೆಚ್ಚಾಗಿ ನೆನೆಯುತ್ತಾರೆ. ತನ್ನ ಶಾಲೆಯಲ್ಲಿ ಕಲಿತ ದಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದು ಅವರು ಆಸೆಪಟ್ಟಿದ್ದರು. ಮಂಗಳೂರಿನ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಪ್ರತಿ ವರ್ಷ ಅಲ್ಲಿ ಹೂವಿಡುತ್ತಾರೆ.

ಅವರು ಹೋಗಿ ಆರು ವರ್ಷಕ್ಕೆ, 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಕೊಡಗಿನಿಂದ ಇಳಿದು ಸುಳ್ಯ, ಪುತ್ತೂರಿಗೆ ಬಂದರು. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಗಾಂಧಿ ಕಟ್ಟೆ ಅದರ ನೆನಪು. ಇಲ್ಲಿಂದ ಮಂಗಳೂರಿಗೆ ಹೋದ ಅವರು ರಂಗರಾಯರ ಸಂಸ್ಥೆಯನ್ನು ನೋಡಿದರು. ಅಸ್ಪೃಶ್ಯತೆ ತೊಲಗಿಸುವ ಕೆಲಸದಲ್ಲಿ ರಂಗರಾಯರನ್ನು ಗುರುವಿನ ಸ್ಥಾನದಲ್ಲಿಟ್ಟು ಅವರು ಗೌರವಿಸಿದರು ಎಂದು ಜಿಲ್ಲೆ ಇಂದಿಗೂ ಹೆಮ್ಮೆಯಿಂದ ಹೇಳ್ತದೆ.

ಇವತ್ತಿನ ಲೆಕ್ಕ

ರಂಗರಾಯರ ಕಾಲದಲ್ಲಿ ಯೋಜನೆ ಇರಲಿಲ್ಲ, ಕೇಳುವವರು ಒಬ್ಬರಿದ್ದರು. ಈಗ ಯೋಜನೆಗಳಿಗೆ ಬರ ಇಲ್ಲ. ಆದರೆ ಆಧಾರ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಸ್ಕಾಲರ್‌ಶಿಪ್ ನಿಲ್ತದೆ. ಬೀಡಿ ಕಟ್ಟಿ, ರಬ್ಬರ್ ಟ್ಯಾಪಿಂಗ್ ಮಾಡಿ ಸವೆದ ಬೆರಳಿನ ಗುರುತು ಪಡಿತರ ಅಂಗಡಿಯ ಮೆಷಿನಿಗೆ ಹಿಡಿಯುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಪಿಂಚಣಿ ಎಲ್ಲೋ ಸಿಕ್ಕಿಕೊಳ್ತದೆ. ಅಜ್ಜಿಗೆ ಇದು ಯಾವುದೂ ಗೊತ್ತಾಗುವುದಿಲ್ಲ, ಬರಲಿಲ್ಲ ಎಂದು ಮಾತ್ರ ಗೊತ್ತು. ಸರ್ಕಾರ ಕೊಡುವುದಕ್ಕೂ ಮನೆಗೆ ಮುಟ್ಟುವುದಕ್ಕೂ ನಡುವೆ ಇವತ್ತಿಗೂ ಒಂದು ಮನುಷ್ಯನ ಅಗತ್ಯ ಇದೆ.

ಆ ಮನುಷ್ಯ ದೊಡ್ಡ ಸಮಾಜ ಸುಧಾರಕನೇ ಆಗಬೇಕೆಂದಿಲ್ಲ. ಅರ್ಜಿಯನ್ನು ಒಮ್ಮೆ ಓದಿ ತಪ್ಪು ಹೇಳುವ ಜೆರಾಕ್ಸ್ ಅಂಗಡಿಯವರು ಆಗಬಹುದು. ಹಾಸ್ಟೆಲ್ ಅರ್ಜಿಯ ಕೊನೆ ದಿನಾಂಕವನ್ನು ಕಾಲೊನಿಗೆ ಹೋಗಿ ಹೇಳುವ ಮಾಸ್ತ್ರು, ಟೀಚರು ಆಗಬಹುದು. ಡಿ.ಸಿ. ಮನ್ನಾ ಜಾಗದ ಆರ್‌ಟಿಸಿ ತೆಗೆಸಿ ತೋರಿಸುವ ಪಂಚಾಯತ್ ಸದಸ್ಯರು ಆಗಬಹುದು. ಐಟಿಐ ಮುಗಿಸಿ ಮನೆಯಲ್ಲಿ ಕೂತ ಊರಿನ ಹುಡುಗನಿಗೆ ವರ್ಕ್‌ಶಾಪಿನಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಜಾತಿ ನೋಡದೆ ಮೊದಲ ಕೆಲಸ ಕೊಡುವ ಮಾಲಕರು ಆಗಬಹುದು. ಬೆಂದೂರು ಬಾಬುವಿಗೆ ಓದಿತ್ತು, ಆರ್ಡರ್ ಕೂಡ ಇತ್ತು. ಒಳಗೆ ಬಾ ಎಂದು ಕರೆಯುವವರು ಇರಲಿಲ್ಲ, ಅಷ್ಟೇ.

ಜೂನ್ 29ಕ್ಕೆ ಫೋಟೊಗೆ ಹಾರ ಹಾಕುವುದು ಒಳ್ಳೆಯದೇ. ಅದೇ ದಿನ ಪಕ್ಕದ ಮನೆಯ ಒಂದು ನಿಂತುಹೋದ ಅರ್ಜಿಯನ್ನು ಹಿಡಿದು ನಾಡಕಚೇರಿಗೆ ಹೋಗಿ ಬಂದರೆ ಇನ್ನೂ ಒಳ್ಳೆಯದು. ರಂಗರಾಯರು ವರ್ಷಗಟ್ಟಲೆ ಮಾಡಿದ್ದು ಅದನ್ನೇ.